ಪೂಜೆಗೆ ಕೂತ ಹಾರ್ಡ್ ಡಿಸ್ಕ್

ಕಂಪ್ಯೂಟರ್ ಸುರಕ್ಷತೆಯ ಕೆಲಸದಲ್ಲಿ ಇರುವವರಿಗೆ ಬೇಜಾರಾಗುವ ಪ್ರಶ್ನೆಯೇ ಇಲ್ಲ. ಕಳ್ಳರು ಸುಮ್ಮನಿದ್ದ ದಿನ ನಮ್ಮವರು ಸುಮ್ಮನಿರುವುದಿಲ್ಲ.

ನಾನಿರುವುದು ಟಿ. ದಾಸರಹಳ್ಳಿಯಲ್ಲಿ. ಕೆಲಸ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಉಕ್ಕಿನ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ದೊಡ್ಡ ಯಂತ್ರಗಳಿಗೆ ಬೇಕಾದ ಬಿಡಿಭಾಗ ಮಾಡುವ ಜಾಗ ಅದು. ಅಲ್ಲಿರುವ ಕಂಪ್ಯೂಟರುಗಳಿಗೆಲ್ಲ ನಾನೇ ತಾಯಿ, ನಾನೇ ದಾದಿ. ನಮ್ಮ ಯಜಮಾನರು ಇದೇ ಊರಿನವರು. ಕಾರ್ಖಾನೆ ನಿಂತಿರುವುದು ಅವರ ಹಳೆಯ ರಾಗಿ ಹೊಲದ ಮೇಲೆ, ಮನೆ ಅದರ ಹಿಂದೆಯೇ. ದಿನಾ ಸಂಜೆ ಅವರ ತಾಯಿ ಬಂದು ಆಫೀಸಿನ ದೇವರ ಗೂಡಿನಲ್ಲಿ ದೀಪ ಹಚ್ಚಿ ಹೋಗುತ್ತಾರೆ. ಅವರು ನಮಗೆಲ್ಲ ಅಜ್ಜಿ. ಉಳಿದಂತೆ ಈ ಕಥೆಯಲ್ಲಿ ಬರುವವರು ಕೆಳಗೆ ಯಂತ್ರಗಳ ನಡುವೆ ಓಡಾಡುವ ಸೂಪರ್‌ವೈಸರ್, ಮೇಲೆ ಆಫೀಸಿನಲ್ಲಿ ಕೂರುವ ಅಕೌಂಟ್ಸ್ ಅಕ್ಕ, ಮತ್ತೆ ರಸ್ತೆಯಾಚೆಯ ಟೀ ಅಂಗಡಿಯವನು. ಟೀ ಅಂಗಡಿಯವನು ಯಾಕೆ ಅಂತೀರಾ? ಅದೇ ಮೊದಲನೇ ಪ್ರಸಂಗ.

ಅದಕ್ಕೂ ಮುಂಚೆ ಒಂದು ಮಾತು. ನಮ್ಮ ಮುಕ್ಕಾಲು ಪಾಲು ಕೆಲಸ ಬರುವುದು ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಕಂಪನಿಯಿಂದ. ಅವರ ಯಂತ್ರಗಳ ಡ್ರಾಯಿಂಗುಗಳು ನಮ್ಮ ಕಂಪ್ಯೂಟರುಗಳಲ್ಲಿ ಇರುತ್ತವೆ. ಯುಗಾದಿಗೆ ಮುಂಚೆ ಅವರಿಂದ ಒಂದು ಮಾತು ಬಂತು. ದಸರಾ ಮುಗಿದ ಮೇಲೆ ಆಡಿಟ್‌ಗೆ ಬರುತ್ತೇವೆ, ನಮ್ಮ ಡ್ರಾಯಿಂಗುಗಳನ್ನು ನೀವು ಹೇಗೆ ಕಾಪಾಡುತ್ತೀರಿ ನೋಡುತ್ತೇವೆ, ಸರಿ ಕಾಣದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಅಂತ.

ಯಜಮಾನರು ನನ್ನನ್ನು ಕರೆದು ಕೂರಿಸಿದರು. "ಆ ಆರ್ಡ್ರು ಕೈತಪ್ಪೋದ್ರೆ ಎರಡ್ನೇ ಶಿಫ್ಟ್ ಮುಚ್ಬೇಕಾಯ್ತದೆ ಕಣಮ್ಮಾ. ಕೆಳ್ಗೆ ಕೆಲ್ಸ ಮಾಡೋರ್ನ ಮನೆಗೋಗಿ ಅನ್ನೋಕೆ ನನ್ಕೈಲಾಗಲ್ಲ. ನೀನು ಏನೇಳಿದ್ರೂ ಮಾಡ್ತೀವಿ."

ಏನು ಹೇಳಿದರೂ ಮಾಡುತ್ತಾರಂತೆ! ನನಗೆ ರೆಕ್ಕೆ ಬಂದ ಹಾಗಾಯಿತು.

ಬದನೆಕಾಯಿ, ಮೆಟ್ರೋ, ಕಂಬಳಿ, ಏಣಿ

ಶುರುವಿಗೆ ಪಾಸ್‌ವರ್ಡ್. ಎಲ್ಲ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್ ಇತ್ತು, ಅದು ಯಜಮಾನರ ಮನೆದೇವರ ಹೆಸರು. ಕಾರ್ಖಾನೆಯ ಬೋರ್ಡಿನ ಮೇಲೆ, ಲಾರಿಯ ಗಾಜಿನ ಮೇಲೆ, ಬಾಗಿಲ ಮೇಲೆ ಎಲ್ಲ ಕಡೆ ಬರೆಸಿದ್ದ ಅದೇ ಹೆಸರು.

"ಸಾರ್, ಇದನ್ನ ಬದಲಾಯಿಸ್ಬೇಕು" ಅಂದೆ.

"ಮನೆದೇವ್ರನ್ನ ಬದ್ಲಾಯ್ಸೋದಾ? ನಮ್ಮಪ್ಪನ ಕೈಲೂ ಆಗ್ಲಿಲ್ಲ ಅದು!"

ದೇವರು ದೇವರ ಜಾಗದಲ್ಲಿ ಇರಲಿ, ಕಂಪ್ಯೂಟರಿಗೆ ಬೇರೆ ಇಡೋಣ ಅಂತ ಪುಸಲಾಯಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಜೋಡಿಸಿದರೆ ಯಾರಿಂದಲೂ ಊಹಿಸಲಾಗುವುದಿಲ್ಲ, ನೆನಪಿಡುವುದೂ ಸುಲಭ ಅಂತ ವಿವರಿಸಿ, ಡ್ರಾಯಿಂಗ್ ತೆಗೆಯುವ ಕಂಪ್ಯೂಟರಿಗೆ ಬದನೆಕಾಯಿ, ಮೆಟ್ರೋ, ಕಂಬಳಿ, ಏಣಿ ಅಂತ ಇಟ್ಟೆ. ಇಟ್ಟು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಮ್ಮಲ್ಲಿ ಪ್ರೆಸ್ಸುಗಳು ಓಡುತ್ತಿದ್ದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಇಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರೂ ಕೂಗುತ್ತಾರೆ. ಅದು ನನಗೆ ಹೊಳೆದೇ ಇರಲಿಲ್ಲ. ಅವತ್ತು ಮಧ್ಯಾಹ್ನ ಕೆಳಗಿನ ಆಪರೇಟರ್ ಪಾಸ್‌ವರ್ಡ್ ಏನು ಅಂತ ಕೈಸನ್ನೆ ಮಾಡಿದ. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಸೂಪರ್‌ವೈಸರ್ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿಯೇ ಕೂಗಿದರು. "ಬದ್ನೇಕಾಯಿ! ಮೆಟ್ರೋ! ಕಂಬ್ಳಿ! ಏಣೀ!"

ನಾನು ತಲೆ ಚಚ್ಚಿಕೊಂಡು ಹೊರಗೆ ಬಂದು ರಸ್ತೆ ದಾಟಿ ಒಂದು ಟೀ ಹೇಳಿದೆ. ಟೀ ಅಂಗಡಿಯವನು ಲೋಟ ಕೊಡುತ್ತಾ ಸಮಾಧಾನವಾಗಿ ಅಂದ. "ಹೊಸದು ಚೆನ್ನಾಗೈತೆ ಮೇಡಂ, ಸ್ವಲ್ಪ ಉದ್ದ ಆಯ್ತು ಅಷ್ಟೇ. ಹಳೇದಾದ್ರೆ ದೇವ್ರ ಹೆಸ್ರು, ಕಿವಿಗೆ ಬಿದ್ರೂ ಪುಣ್ಯ ಬರ್ತಿತ್ತು."

ಕೆಲಸ ಮಾಡದ ಬೆರಳು

ಕೂಗಲು ಆಗದಂಥ ಪಾಸ್‌ವರ್ಡ್ ಯಾವುದು? ಬೆರಳಚ್ಚು! ಮಾರನೇ ವಾರವೇ ಬೆರಳಚ್ಚು ಓದುವ ಯಂತ್ರ ತರಿಸಿ ಆ ಕಂಪ್ಯೂಟರಿಗೆ ಹಾಕಿದೆ. ಈಗ ಕೂಗಿ ನೋಡೋಣ ಅಂತ ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಒಬ್ಬೊಬ್ಬರಾಗಿ ಬಂದು ಹೆಬ್ಬೆರಳು ಒತ್ತಿದರು. ಯಂತ್ರ ಕೆಂಪು ದೀಪ ತೋರಿಸಿತು. ತೋರುಬೆರಳು ಒತ್ತಿದರು. ಮತ್ತೆ ಕೆಂಪು. ಯಂತ್ರವೇ ಕೆಟ್ಟಿರಬೇಕೆಂದು ನನ್ನ ಬೆರಳಿಟ್ಟೆ, ಟಣ್ ಅಂತ ಹಸಿರಾಯಿತು. ಆಮೇಲೆ ಅವರ ಕೈಗಳನ್ನು ಹಿಡಿದು ನೋಡಿದೆ. ತಗಡು ಹಿಡಿದು, ಅರ ತಿಕ್ಕಿ, ಎಣ್ಣೆಯಲ್ಲಿ ನೆನೆದು, ಆ ಬೆರಳುಗಳಲ್ಲಿ ಗೆರೆ ಅನ್ನುವುದೇ ಉಳಿದಿರಲಿಲ್ಲ. ಅಂಗೈ ಮೇಲೆ ಕೈಯಾಡಿಸಿದರೆ ಗ್ರಾನೈಟ್ ಮುಟ್ಟಿದ ಹಾಗಿತ್ತು. ನಿಜ ಹೇಳುತ್ತೇನೆ, ಆ ಗಳಿಗೆ ನಗು ಬರಲಿಲ್ಲ. ಇವರನ್ನು ಮನೆಗೆ ಕಳಿಸಲು ಆಗದು ಅಂತ ಯಜಮಾನರು ಯಾಕೆ ಅಂದರು ಅನ್ನುವುದು ಆಗ ಚೆನ್ನಾಗಿ ಅರ್ಥವಾಯಿತು.

ಕೊನೆಗೆ ಇಡೀ ಶಿಫ್ಟಿನಲ್ಲಿ ಯಂತ್ರ ಒಪ್ಪಿದ್ದು ಒಂದೇ ಒಂದು ಬೆರಳನ್ನು. ಸೂಪರ್‌ವೈಸರ್ ಅವರ ಎಡಗೈ ಕಿರುಬೆರಳು.

"ಅದೊಂದೇ ಮೇಡಂ ಇಷ್ಟು ವರ್ಷದಲ್ಲಿ ಕೆಲ್ಸ ಮಾಡದೆ ಕೂತಿರೋದು" ಅಂದರು ಅವರು.

ಅವತ್ತಿನಿಂದ ಆ ಕಿರುಬೆರಳಿಗೆ ಬಂದ ಮರ್ಯಾದೆ ನೋಡಬೇಕಿತ್ತು. ಎಣ್ಣೆ ತಗಲಬಾರದು ಅಂತ ಅವರು ಅದನ್ನು ಸದಾ ಮೇಲಕ್ಕೆತ್ತಿಕೊಂಡೇ ಓಡಾಡುತ್ತಿದ್ದರು. ಒಂದು ದಿನ ಮಾರತ್ತಹಳ್ಳಿಯಿಂದ ಕ್ಯಾಮೆರಾ ಮಾರುವ ಸೇಲ್ಸ್‌ನವರೊಬ್ಬರು ಬಂದು ಬಾಗಿಲಲ್ಲಿ ಕೂತಿದ್ದರು. ಡ್ರಾಯಿಂಗ್ ತೆರೆಯಲು ನಮ್ಮ ಸೂಪರ್‌ವೈಸರ್ ಕಿರುಬೆರಳೆತ್ತಿಕೊಂಡು ಅವರ ಮುಂದೆ ಓಡೋಡಿ ಹೋದರು, ಓಡೋಡಿ ಬಂದರು, ಮತ್ತೆ ಓಡೋಡಿ ಹೋದರು. ಸೇಲ್ಸ್‌ನವರು ಅಯ್ಯೋ ಪಾಪ ಅನ್ನುವ ಮುಖ ಮಾಡಿ ಎದ್ದು ನಿಂತರು. "ಸಾರ್, ನಮ್ಮ ತಂದೆಗೂ ಹೀಗೇ ಆಗ್ತಿತ್ತು. ಶುಗರ್ ಒಂದ್ಸಲ ಚೆಕ್ ಮಾಡಿಸ್ಬಿಡಿ."

ಕುಕ್ಕರ್ ಬೇಕೋ, ಮಿಕ್ಸಿ ಬೇಕೋ

ಕಂಪ್ಯೂಟರ್ ಭದ್ರವಾಯಿತು, ಇನ್ನು ಮನುಷ್ಯರು. ಮೋಸದ ಮೇಲ್ ಬಂದರೆ ನಮ್ಮವರು ಏನು ಮಾಡುತ್ತಾರೆ ನೋಡಲು ನಾನೇ ಒಂದು ಸುಳ್ಳು ಮೇಲ್ ಕಳಿಸಿದೆ. 'ಯುಗಾದಿ ಉಡುಗೊರೆ. ಕುಕ್ಕರ್ ಬೇಕಾದವರು ಇಲ್ಲಿ ಒತ್ತಿ, ಮಿಕ್ಸಿ ಬೇಕಾದವರು ಇಲ್ಲಿ ಒತ್ತಿ.' ಯಾವ ಕಂಪನಿ, ಯಾರು ಕಳಿಸಿದ್ದು ಅಂತ ಏನೂ ಬರೆದಿರಲಿಲ್ಲ. ಇಷ್ಟು ಎದ್ದು ಕಾಣುವ ಮೋಸಕ್ಕೆ ಯಾರು ಬೀಳುತ್ತಾರೆ ಅಂದುಕೊಂಡಿದ್ದೆ.

ಟೀ ಕುಡಿದು ಬರುವಷ್ಟರಲ್ಲಿ ಎಲ್ಲರೂ ಒತ್ತಿಯಾಗಿತ್ತು! ಅಕೌಂಟ್ಸ್ ಅಕ್ಕ ಎರಡನ್ನೂ ಒತ್ತಿದ್ದರು. ಆದರೆ ನನ್ನ ಕಣ್ಣು ಅಂಟಿಕೊಂಡದ್ದು ಪಟ್ಟಿಯ ಮೊದಲ ಹೆಸರಿಗೆ. ಯಜಮಾನರು. ಮಿಕ್ಸಿ.

ಓಡಿಹೋಗಿ ಕೇಳಿದೆ. "ಸಾರ್, ಈ ಕಾರ್ಖಾನೇಲಿ ಹಬ್ಬಕ್ಕೆ ಉಡುಗೊರೆ ಕೊಡೋರು ಯಾರು?"

"ನಾನೇ."

"ಮತ್ತೆ ನೀವೇ ಒತ್ತಿದ್ದೀರಲ್ಲ ಸಾರ್!"

ಯಜಮಾನರು ಸ್ವಲ್ಪವೂ ಅಳುಕಲಿಲ್ಲ. "ಮನೇಲಿ ಮಿಕ್ಸಿ ಕೆಟ್ಟೋಗಿತ್ತು ಕಣಮ್ಮಾ."

ಎಲ್ಲರನ್ನೂ ಸೇರಿಸಿ ಇದು ಪರೀಕ್ಷೆ, ನೀವೆಲ್ಲ ಫೇಲ್ ಅಂತ ಭಾಷಣ ಮಾಡಿದೆ. ಗೊತ್ತಿಲ್ಲದ ಕಡೆಯಿಂದ ಬಂದದ್ದನ್ನು ಒತ್ತಬೇಡಿ, ಅನುಮಾನ ಬಂದರೆ ನನ್ನನ್ನು ಕೇಳಿ ಅಂದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಪ್ರಶ್ನೆ ಇದ್ದರೆ ಕೇಳಿ ಅಂದೆ. ಹಿಂದಿನಿಂದ ಒಂದು ಕೈ ಮೇಲೆದ್ದಿತು.

"ಕುಕ್ಕರ್ ಯಾವಾಗ ಬರುತ್ತೆ ಮೇಡಂ?"

ಆಸೆ ಹುಟ್ಟಿಸಿ ಇಲ್ಲ ಅನ್ನುವುದು ಹಬ್ಬದ ದಿನ ಒಳ್ಳೆಯದಲ್ಲ ಅಂತ ಯಜಮಾನರು ಎಲ್ಲರಿಗೂ ಅವರವರು ಒತ್ತಿದ್ದನ್ನೇ ತರಿಸಿ ಹಂಚಿದರು. ತಮಗೂ ಒಂದು ಮಿಕ್ಸಿ ಇಟ್ಟುಕೊಂಡರು. ಇಡೀ ದೇಶದಲ್ಲಿ ಮೋಸದ ಮೇಲ್ ನಂಬಿ ಸಾಮಾನು ಮನೆಗೆ ಬಂದದ್ದು ನಮ್ಮಲ್ಲಿ ಮಾತ್ರ ಇರಬೇಕು.

ಬೈದರೆ ಮಾತ್ರ ಕಳಿಸುವುದು

ಭಾಷಣ ತಟ್ಟಿದ್ದು ಒಬ್ಬರಿಗೆ, ಅಕೌಂಟ್ಸ್ ಅಕ್ಕನಿಗೆ. ಕುಕ್ಕರ್, ಮಿಕ್ಸಿ ಎರಡೂ ಸಿಕ್ಕಿದರೂ ಫೇಲಾದ ಅವಮಾನ ಅವರನ್ನು ಬಿಡಲಿಲ್ಲ. ಅಂದಿನಿಂದ ಅವರು ಯಾರನ್ನೂ ನಂಬುವುದನ್ನು ನಿಲ್ಲಿಸಿದರು. ಬ್ಯಾಂಕಿನವರು ಫೋನ್ ಮಾಡಿದರೆ ಇಟ್ಟುಬಿಡಿ, ನಾನೇ ಮಾಡ್ತೀನಿ ಅನ್ನುತ್ತಿದ್ದರು. ನನಗೆ ಕುಣಿದಾಡುವಷ್ಟು ಖುಷಿಯಾಯಿತು.

ಒಂದು ದಿನ ಯಜಮಾನರು ಎಲೆಕ್ಟ್ರಾನಿಕ್ ಸಿಟಿಗೆ ಮೀಟಿಂಗ್‌ಗೆ ಹೋಗಿದ್ದರು. ಫೋನಿನ ಚಾರ್ಜ್ ಮುಗಿದು, ಅಲ್ಲಿನ ಸೆಕ್ಯುರಿಟಿಯವರ ಫೋನಿನಿಂದ ಕರೆ ಮಾಡಿದರು. ಅಕ್ಕ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದರಿಂದ ನಾವೆಲ್ಲ ಕೇಳುತ್ತಿದ್ದೆವು.

"ನಾನು ಕಣಮ್ಮಾ. ಆ ಹೊಸ ಡ್ರಾಯಿಂಗು ಇಲ್ಲಿಗೆ ಮೇಲ್ ಮಾಡು."

"ನಾನು ಅಂದ್ರೆ ಯಾರು?"

"ನಿಮ್ಮ ಯಜಮಾನ!"

"ಎಲ್ಲಾರೂ ಹಂಗೇ ಅಂತಾರೆ. ಗೊತ್ತಿಲ್ಲದ ನಂಬರಿಂದ ಯಾಕೆ ಮಾಡ್ತಿದ್ದೀರ?"

"ನನ್ ಧ್ವನಿ ಗೊತ್ತಾಗಲ್ವೇನಮ್ಮಾ ನಿಂಗೆ?"

"ಧ್ವನಿನೂ ಈಗ ಕಂಪ್ಯೂಟರಲ್ಲಿ ಮಾಡ್ತಾರಂತೆ" ಅಂದರು ಅಕ್ಕ, ನನ್ನ ಕಡೆ ಹೆಮ್ಮೆಯಿಂದ ನೋಡುತ್ತಾ. ನಾನೇ ಹೇಳಿಕೊಟ್ಟದ್ದು!

ಆ ಕಡೆಯಿಂದ ಯಜಮಾನರ ಬೈಗುಳ ಶುರುವಾಯಿತು ನೋಡಿ. ಅಕ್ಕನನ್ನು ಬಿಟ್ಟು, ನನ್ನನ್ನು, ಕಂಪ್ಯೂಟರನ್ನು, ಅದನ್ನು ಕಂಡುಹಿಡಿದವನನ್ನು, ಅವನಿಗೆ ಅಕ್ಷರ ಕಲಿಸಿದವರನ್ನು, ಒಮ್ಮೆ ಬೈದದ್ದನ್ನು ಇನ್ನೊಮ್ಮೆ ಬೈಯದೆ, ಉಸಿರು ತೆಗೆದುಕೊಳ್ಳದೆ ಬೈದರು. ಪ್ರೆಸ್ ನಿಲ್ಲಿಸಿ ಬಂದು ಕೇಳಿದವರೂ ಇದ್ದರು.

ಅಕ್ಕ ಸಮಾಧಾನದಿಂದ ಡ್ರಾಯಿಂಗ್ ಕಳಿಸಿದರು. ಹೇಗೆ ನಂಬಿದಿರಿ ಅಂತ ಕೇಳಿದ್ದಕ್ಕೆ, "ಧ್ವನಿ ಮಾಡ್ಬೋದಮ್ಮ. ಆ ಬೈಗುಳ ಯಾವ ಕಂಪ್ಯೂಟರಿಗೂ ಬರಲ್ಲ" ಅಂದರು.

ಅಜ್ಜಿ ಇಟ್ಟ ಜಾಗ

ಒಂದು ವಿಷಯದಲ್ಲಿ ಮಾತ್ರ ನಾನು ಸೋತುಹೋಗಿದ್ದೆ. ಡ್ರಾಯಿಂಗುಗಳ ನಕಲು, ಅಂದರೆ ಬ್ಯಾಕಪ್, ಇಡಲು ಒಂದು ಹಾರ್ಡ್ ಡಿಸ್ಕ್ ಕೊಡಿಸಿದ್ದೆ. ಕರಿ ಡಬ್ಬಿ, ಅಂಗೈ ಅಗಲ. ದಿನಾ ನಕಲು ತೆಗೆದ ಮೇಲೆ ಅದನ್ನು ಕಿತ್ತು ಬೇರೆ ಕಡೆ ಇಡಬೇಕು, ಇಲ್ಲದಿದ್ದರೆ ವೈರಸ್ ಬಂದ ದಿನ ಕಂಪ್ಯೂಟರ್ ಜೊತೆ ಅದೂ ಹೋಗುತ್ತದೆ ಅಂತ ಬಾಯಿ ನೋಯುವಷ್ಟು ಹೇಳಿದ್ದೆ. ಸೂಪರ್‌ವೈಸರ್ ಕೇಳುತ್ತಲೇ ಇರಲಿಲ್ಲ. "ಕಿತ್ತು ಹಾಕಿ ಕಿತ್ತು ಹಾಕಿ ಲೂಸಾಗ್ಬಿಡುತ್ತೆ ಮೇಡಂ" ಅಂತ ಅದನ್ನು ಸದಾ ಚುಚ್ಚಿಯೇ ಇಡುತ್ತಿದ್ದರು.

ಆಯುಧಪೂಜೆ ಬಂತು. ಪೀಣ್ಯದಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಪ್ರೆಸ್ಸುಗಳಿಗೆ ಬಾಳೆಕಂದು, ಲಾರಿಗೆ ಹಾರ, ಬಾಗಿಲಲ್ಲಿ ಬೂದುಗುಂಬಳ. ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಹೊರಟರೆ ತಡೆಯುವವರಿಲ್ಲ. ಹೊಸದಾಗಿ ಹಾಕಿಸಿದ್ದ ಕ್ಯಾಮೆರಾದ ಕಣ್ಣಿಗೇ ಬೊಟ್ಟಿಟ್ಟರು. ಬೆರಳಚ್ಚಿನ ಯಂತ್ರಕ್ಕೆ ವಿಭೂತಿ ಬಳಿದರು, ಕಿರುಬೆರಳಿಗೂ ಅದು ಹಸಿರಾಗದ ಹಾಗಾಯಿತು. ಆಮೇಲೆ ಅವರ ಕಣ್ಣು ಕರಿ ಡಬ್ಬಿಯ ಮೇಲೆ ಬಿತ್ತು.

"ಇದೇನ್ಲಾ ಇದು?"

"ನಮ್ ಡ್ರಾಯಿಂಗೆಲ್ಲಾ ಅದ್ರೊಳ್ಗೇ ಐತೆ ಕಣವ್ವ" ಅಂದರು ಯಜಮಾನರು.

"ಅಂಗಾರೆ ಇದೇ ತಾನೇ ಮೊದ್ಲು ಪೂಜೆಗಿಡ್ಬೇಕಾದ್ದು? ಬುದ್ಧಿ ಬ್ಯಾಡ್ವಾ?" ಅಂದವರೇ ಸರಕ್ಕನೆ ಕಿತ್ತು, ಅರಿಶಿನ ಕುಂಕುಮ ಹಚ್ಚಿ, ದೇವರ ಗೂಡಿನ ತಟ್ಟೆಯಲ್ಲಿ ಸ್ಪ್ಯಾನರುಗಳ ನಡುವೆ ಕೂರಿಸಿದರು. ಪೂಜೆಗಿಟ್ಟದ್ದನ್ನು ಅಜ್ಜಿಯೇ ಬಂದು ಆರತಿ ಮಾಡಿ ಎತ್ತಿಕೊಡುವ ತನಕ ಯಾರೂ ಮುಟ್ಟುವಂತಿಲ್ಲ. ಅದು ಆ ಮನೆಯ ಪದ್ಧತಿ. ಹಬ್ಬ ಮುಗಿಸಿ ಅವರು ಕಾಡುಗೋಡಿಯ ಮಗಳ ಮನೆಗೆ ಹೋದರು, ನಾವೆಲ್ಲ ರಜೆಗೆ ಹೋದೆವು.

ರಜೆ ಮುಗಿಸಿ ಬಂದ ಬೆಳಿಗ್ಗೆ ಕಂಪ್ಯೂಟರ್ ಹಾಕಿದೆ. ಪರದೆ ತುಂಬ ಕೆಂಪು. 'ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಾದರೆ ದುಡ್ಡು ಕಳಿಸಿ.' ಪಕ್ಕದ್ದು ಹಾಕಿದೆ, ಅದೂ ಕೆಂಪು. ಎಲ್ಲವೂ ಕೆಂಪು. ಆಡಿಟ್ ನಾಳಿದ್ದು!

"ರಜೇಲಿ ಯಾರಾದ್ರೂ ಏನಾದ್ರೂ ಒತ್ತಿದ್ರಾ?" ಅಂತ ಕಿರುಚಿದೆ.

ಯಜಮಾನರು ಚಾವಣಿ ನೋಡಿದರು. "ದಸರಾ ಉಡುಗೊರೆ ಅಂತ ಒಂದು ಬಂದಿತ್ತು. ನೀನೇ ಕಳ್ಸಿದ್ದು ಅಂದ್ಕಂಡೆ."

"ನಾನು ಕಳಿಸಿದ್ರೂ ಒತ್ತಬಾರ್ದು ಅಂತ ತಾನೇ ಸಾರ್ ಹೇಳಿದ್ದು!"

"ಕಳ್ದ ಸಲ ಒತ್ತಿದ್ದಕ್ಕೆ ಮಿಕ್ಸಿ ಬಂತಲ್ಲಮ್ಮಾ."

"ಅದನ್ನ ತಂದಿದ್ದು ನೀವೇ ಸಾರ್!"

"ಬಂತೋ ಇಲ್ವೋ?"

ಅಳಬೇಕೋ ನಗಬೇಕೋ ತಿಳಿಯದೆ ತಿರುಗಿದರೆ, ಅರಿಶಿನ ಮೆತ್ತಿಕೊಂಡು ದೇವರ ಗೂಡಿನಲ್ಲಿ ಕೂತಿತ್ತು ನಮ್ಮ ಕರಿ ಡಬ್ಬಿ! ಪೂಜೆಯ ದಿನದವರೆಗಿನ ಎಲ್ಲ ಡ್ರಾಯಿಂಗೂ ಅದರೊಳಗೆ! ಯಾವ ತಂತಿಗೂ ಸೇರದೆ, ಯಾವ ಕಳ್ಳನ ಕೈಗೂ ಸಿಗದೆ! ನಾನು ಹೋ ಅಂತ ಕೂಗಿದೆ. ನನಗಿಂತ ಮೊದಲು ಸೂಪರ್‌ವೈಸರ್ ಓಡಿದ್ದರು. ಡಬ್ಬಿಯ ಕಡೆ ಕೈ ಚಾಚಿ, "ಒಂದ್ಸಲ ಈ ಕಂಪ್ಯೂಟರಿಗೇ ಚುಚ್ಚಿ ನೋಡೋಣ ಮೇಡಂ" ಅಂದರು.

"ಮುಟ್ಬೇಡಿ!" ಅಂತ ನಾನೂ ಯಜಮಾನರೂ ಒಟ್ಟಿಗೆ ಕಿರುಚಿದೆವು. ವೈರಸ್ ಇರುವ ಕಂಪ್ಯೂಟರಿಗೆ ಚುಚ್ಚಿದರೆ ಡಬ್ಬಿಯೂ ಹೋಗುತ್ತದೆ ಅಂತ ನಾನು. ಅವ್ವನಿಲ್ಲದೆ ಎತ್ತಿದರೆ ಕಾಲು ಮುರಿಯುತ್ತಾಳೆ ಅಂತ ಯಜಮಾನರು.

ಅಜ್ಜಿಗೆ ಫೋನ್ ಮಾಡಿದೆವು. "ನಾನ್ ಬಂದು ಆರ್ತಿ ಎತ್ತೋಗಂಟ ಯಾರೂ ಮುಟ್ಕೂಡ್ದು" ಅಂದು ಇಟ್ಟುಬಿಟ್ಟರು. ಆ ತುದಿಯಿಂದ ಈ ತುದಿಗೆ ಮೆಟ್ರೋದಲ್ಲಿ ಬರಬೇಕು. ಅಷ್ಟರಲ್ಲಿ ನಾನು ಎಲ್ಲ ಕಂಪ್ಯೂಟರುಗಳ ತಂತಿ ಕಿತ್ತು, ಒಳಗಿದ್ದದ್ದನ್ನೆಲ್ಲ ಅಳಿಸಿ, ಮೊದಲಿನಿಂದ ಹೊಸದಾಗಿ ಹಾಕತೊಡಗಿದೆ. ಊಟ ನೆನಪಾಗಲಿಲ್ಲ. ಅಜ್ಜಿ ಬಂದರು, ಅವಸರವೇ ಇಲ್ಲದೆ ಸ್ನಾನ ಮಾಡಿದರು, ಆರತಿ ಎತ್ತಿದರು. "ತಗಳವ್ವ ಕಂಪ್ಯೂಟ್ರಮ್ಮ" ಅಂತ ಡಬ್ಬಿಯನ್ನು ನನ್ನ ಕೈಗಿಟ್ಟರು. ತಂತಿ ಚುಚ್ಚುವ ಜಾಗದಲ್ಲಿ ತುಂಬಿದ್ದ ಕುಂಕುಮವನ್ನು ಊದಿ, ಉಸಿರು ಹಿಡಿದು ಚುಚ್ಚಿದೆ. ಎಲ್ಲವೂ ಇತ್ತು! ಒಂದು ಡ್ರಾಯಿಂಗೂ ಹೋಗಿರಲಿಲ್ಲ! ಸೂಪರ್‌ವೈಸರ್ ಕಿರುಬೆರಳೆತ್ತಿಕೊಂಡೇ ಕುಣಿದರು. ನಾನು ಅಜ್ಜಿಯನ್ನು ಅಪ್ಪಿಕೊಂಡುಬಿಟ್ಟೆ. ಕಣ್ಣಲ್ಲಿ ನೀರೂ ಬಂತು, ಮುಚ್ಚುಮರೆ ಏಕೆ. ಅಜ್ಜಿ ಮಾತ್ರ ಡಬ್ಬಿಯ ಜಾಗ ಇನ್ನು ಇದೇ ಅಂತ ತೀರ್ಪು ಕೊಟ್ಟು, ಕೆಲಸವಾದ ಮೇಲೆ ಅದನ್ನು ಮತ್ತೆ ಗೂಡಿಗೇ ಸೇರಿಸಿದರು.

ಆಡಿಟ್

ಆಡಿಟ್‌ಗೆ ಬಂದವಳು ಚುರುಕಾದ ಹುಡುಗಿ. ಎಲ್ಲ ನೋಡಿ, ಕೊನೆಗೆ ಕೇಳಿದಳು. "ಇತ್ತೀಚೆಗೆ ಏನಾದ್ರೂ ತೊಂದ್ರೆ ಆಗಿತ್ತಾ?"

ಯಜಮಾನರು ಎದ್ದು ನಿಂತರು. "ಮೊನ್ನೆ ಆಗಿತ್ತಮ್ಮ. ಒತ್ತಿದ್ದು ನಾನೇ. ನಿಮ್ ಡ್ರಾಯಿಂಗು ಒಂದೂ ಓಗಿಲ್ಲ, ಎಲ್ಲಾ ವಾಪಸ್ ಬಂತು. ಕೆಲ್ಸ ಕೈತಪ್ಪಿದ್ರೆ ಎರಡ್ನೇ ಶಿಫ್ಟ್ ಮುಚ್ಬೇಕಾಯ್ತದೆ, ಆದ್ರೂ ಸುಳ್ ಯೋಳಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ಇದೇ ಹೊತ್ತಿಗೆ ಟೀ ತಂದ ಅಂಗಡಿಯವನು ನನ್ನ ಹತ್ತಿರ ಬಗ್ಗಿದ. ಪ್ರೆಸ್ಸಿನ ಸದ್ದಿಗೆ ಒಗ್ಗಿದ ಗಂಟಲಲ್ಲಿ, "ಈಚೆಗೆ ಪಾಸ್‌ವರ್ಡ್ ಯಾರೂ ಕೂಗ್ತಾನೇ ಇಲ್ವಲ್ಲ ಮೇಡಂ, ಏನೂ ಗೊತ್ತೇ ಆಯ್ತಿಲ್ಲ" ಅಂದ. ಹುಡುಗಿ ಏನೋ ಬರೆದುಕೊಂಡಳು.

"ಆ ಬ್ಯಾಕಪ್ ಎಲ್ಲಿದೆ?" ಅಂದಳು. ದೇವರ ಗೂಡು ತೋರಿಸಿದೆ. ದೀಪ ಹಚ್ಚುತ್ತಿದ್ದ ಅಜ್ಜಿ ತಿರುಗಿದರು.

"ಯಾರವ್ವಾ ನೀನು?"

"ಆಡಿಟ್‌ಗೆ ಬಂದಿದ್ದೀನಿ ಅಜ್ಜಿ. ಕಂಪನಿಯಿಂದ."

"ಬರೋರೆಲ್ಲಾ ಅಂಗೇ ಅಂತಾರೆ. ನೀನು ಅವ್ರೇ ಕಳ್ಸಿದೋಳು ಅಂತ ಯಾರ್ ಯೋಳ್ಬೇಕು?"

ಅಕೌಂಟ್ಸ್ ಅಕ್ಕ ಆಗಲೇ ಫೋನ್ ಎತ್ತಿ, ನಮ್ಮಲ್ಲಿದ್ದ ಆ ಕಂಪನಿಯ ಹಳೆಯ ನಂಬರಿಗೆ ಕರೆ ಮಾಡಿ, ಹೀಗೊಬ್ಬಳು ಬಂದಿದ್ದಾಳೆ, ನಿಮ್ಮವಳೇನಾ ಅಂತ ವಿಚಾರಿಸುತ್ತಿದ್ದರು. ಹೌದು ಅಂತ ಆ ಕಡೆಯಿಂದ ಬಂದ ಮೇಲೆ ಅಜ್ಜಿ ಅಪ್ಪಣೆ ಕೊಟ್ಟರು. "ಶೂ ಬಿಟ್ಟು, ಕೈ ತೊಳ್ಕಂಡು ಬಾ. ದೂರದಿಂದ ನೋಡು. ಮುಟ್ಟೋದು ನಾನು."

ಹುಡುಗಿ ಹಾಗೇ ಮಾಡಿದಳು. ಬರಿಗಾಲಲ್ಲಿ ನಿಂತು ಡಬ್ಬಿಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಆಮೇಲೆ ತಡೆಯಲಾಗದೆ ನಕ್ಕುಬಿಟ್ಟಳು. "ಸಾರ್, ಇಷ್ಟು ಭದ್ರವಾಗಿ ನಮ್ಮ ಆಫೀಸಲ್ಲೂ ಇಟ್ಟಿಲ್ಲ. ಕೆಲಸ ನಿಮ್ಮಲ್ಲೇ ಇರುತ್ತೆ. ಎರಡನೇ ಶಿಫ್ಟ್ ನಿಲ್ಲಿಸ್ಬೇಡಿ." ಸುದ್ದಿಯನ್ನು ಕೆಳಗಿನವರಿಗೆ ಸೂಪರ್‌ವೈಸರ್ ಮೆಟ್ಟಿಲಿಂದಲೇ ಕೂಗಿದರು. ಆ ಒಂದು ಸಲ ನಾನು ತಡೆಯಲಿಲ್ಲ.

"ಒಂದೇ ಒಂದು ಕೊರತೆ" ಅಂದಳು ಹುಡುಗಿ. "ಎಲ್ಲಾ ಅಜ್ಜಿ ಒಬ್ಬರ ಮೇಲೇ ನಿಂತಿದೆ. ಅಜ್ಜಿಗೂ ಒಂದು ಬ್ಯಾಕಪ್ ಬೇಕು."

ಅಜ್ಜಿ ಮಗನ ಕಡೆ ತಿರುಗಿದರು. "ಏನಂತೆ?"

"ನೀನಿಲ್ದಾಗ ಇದನ್ನ ಕಾಯೋಕೆ ಇನ್ನೊಬ್ರು ಬೇಕಂತೆ ಕಣವ್ವ. ನಾನೇ ಕಾಯ್ಲಾ?"

ಅಜ್ಜಿ ಸೆರಗು ಸಿಕ್ಕಿಸಿಕೊಂಡು ತಟ್ಟೆಗೆ ಅಡ್ಡ ನಿಂತರು. "ನೀನೊಬ್ಬ ಬ್ಯಾಡ ಕಣಪ್ಪ. ಮಿಕ್ಸಿ ಕೊಡ್ತೀನಿ ಅಂದ್ರೆ ದೇವ್ರನ್ನೂ ಎತ್ಕೊಟ್ಬುಡ್ತೀಯ."